ನೀರಿನಲ್ಲಿ ಚೆಂಡಾಟ

ವಾಟರ್ ಪೋಲೋ ಎಂದೊಡನೆ ತಮ್ಮಲ್ಲಿ ಕೆಲವರಿಗೆ ಕುದುರೆಯ ನೆನಪು ಬಂದೀತು. ಈ ಆಟದಲ್ಲಿ ಕುದುರೆಯೂ ಇಲ್ಲ, ಕೋಲೂ ಇಲ್ಲ. ಆಳವಾದ ಈಜುಕೊಳ, ಎರಡು ಗೋಲು, ಒಂದು ಚೆಂಡು, ಗೋಲು ಕಾಯುವವನೂ ಸೇರಿ ಪಕ್ಷಕ್ಕೆ ಏಳು ಮಂದಿ—ಇಷ್ಟೇ ಸಾಮಗ್ರಿ. ಆದರೆ ನಿಯಮಗಳು ಬಿಗಿಯಾದುವು. ಗೋಲು ಕಾಯುವವನನ್ನು ಬಿಟ್ಟು ಉಳಿದವರೆಲ್ಲ ಚೆಂಡನ್ನು ಒಂದೇ ಕೈಯಿಂದ ಹಿಡಿದು ಎಸೆಯಬೇಕು, ತಳಕ್ಕೆ ಕಾಲೂರುವಂತಿಲ್ಲ. ಹಾಗಾದರೆ ಎಂಟೆಂಟು ನಿಮಿಷದ ನಾಲ್ಕು ಅವಧಿಗಳ ಕಾಲ ನೀರಿನಲ್ಲಿ ನಿಲ್ಲುವುದೆಂತು? ಆಟಗಾರನು ಕುರ್ಚಿಯಲ್ಲಿ ಕುಳಿತವನಂತೆ ಮಂಡಿ ಮಡಿಸಿ, ಎರಡು ಕಾಲುಗಳನ್ನೂ ಸರದಿಯಂತೆ ಎದುರುಬದುರು ದಿಕ್ಕಿಗೆ ಸುತ್ತಿಸುತ್ತಲೇ ಇರುತ್ತಾನೆ. ಮೇಲೆ ಭುಜ ಅಲುಗದು. ಕೆಳಗೆ ಮಜ್ಜಿಗೆ ಕಡೆದಂತೆ ಕಾಲಿನ ಕೆಲಸ. ಬಾವಿಯಲ್ಲಿ ಈಜು ಕಲಿತವರು ಐದು ನಿಮಿಷ ಹೀಗೆ ಮಾಡಿ ನೋಡಿದರೆ ಇದರ ಶ್ರಮ ತಿಳಿದೀತು.

ನೀರಿನಡಿಯಲ್ಲಿ ಎಳೆದಾಟವೂ ಕಡಮೆಯಿಲ್ಲ. ದೊಡ್ಡ ತಪ್ಪು ರೆಫರಿಯ ಕಣ್ಣಿಗೆ ಬಿದ್ದರೆ ಆಟಗಾರನನ್ನು ಕೆಲವು ಸೆಕೆಂಡು ಹೊರಗಿಡುತ್ತಾರೆ. ಆರು ಮಂದಿ ಐವರ ಮೇಲೆ ಏರಿಹೋಗುವ ಆ ಗಳಿಗೆಯಲ್ಲಿಯೇ ಎಷ್ಟೋ ಪಂದ್ಯಗಳು ತೀರ್ಮಾನವಾಗುವುದುಂಟು.

ಅಮೆರಿಕದ ಕಾಲೇಜು ಪುರುಷರಿಗಾಗಿ ಈ ಆಟದ ರಾಷ್ಟ್ರೀಯ ಚಾಂಪಿಯನ್ ಪಂದ್ಯಾವಳಿ ಮೊದಲು ನಡೆದುದು 1969ರಲ್ಲಿ, ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ನಗರದಲ್ಲಿ. ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದ ತಂಡ ಬರ್ಕ್ಲಿಯ ತಂಡವನ್ನು 5–2ರಿಂದ ಸೋಲಿಸಿತು. ಎರಡೂ ಕ್ಯಾಲಿಫೋರ್ನಿಯದವೇ! ಅಂದಿನಿಂದ 2024ರ ವರೆಗಿನ 56 ಪಂದ್ಯಾವಳಿಗಳಲ್ಲಿ ಗೆದ್ದವು ಏಳೇ ಸಂಸ್ಥೆಗಳು. ಏಳೂ ಅದೇ ರಾಜ್ಯದವು. ಬರ್ಕ್ಲಿಯೊಂದೇ 17 ಸಲ ಗೆದ್ದಿದೆ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ 2008ರಿಂದ 2013ರ ವರೆಗೆ ಸತತವಾಗಿ ಆರು ವರ್ಷ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಇದಕ್ಕೆ ರಾಷ್ಟ್ರೀಯ ಎಂಬ ಹೆಸರು ಸಲ್ಲುವುದೇ ಎಂದು ತಾವು ಕೇಳಬಹುದು. ಕೇಳತಕ್ಕ ಮಾತೇ. ಪಂದ್ಯಗಳ ಕಾಲ ಸೆಪ್ಟೆಂಬರಿನಿಂದ ಡಿಸೆಂಬರಿನ ವರೆಗೆ. ಆಗ ಪೂರ್ವ ತೀರದಲ್ಲಿ ಚಳಿ ಬಲಿಯುತ್ತದೆ, ಆಟವೆಲ್ಲ ಛಾವಣಿಯ ಕೆಳಗೆ. ಕ್ಯಾಲಿಫೋರ್ನಿಯದಲ್ಲಾದರೋ ಬಯಲು ಕೊಳದಲ್ಲಿಯೇ ಅಭ್ಯಾಸ ಸಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಹೈಸ್ಕೂಲು. ಅಲ್ಲಿ ಹುಡುಗರು ಶಾಲೆಯ ತಂಡದಲ್ಲಿಯೇ ಈ ಆಟವನ್ನು ಕಲಿತು ಕಾಲೇಜಿಗೆ ಬರುತ್ತಾರೆ. ಇತರ ರಾಜ್ಯಗಳಲ್ಲಿ ಅಂಥ ಶಾಲೆಗಳು ವಿರಳ.

ಆದರೂ ಹಾರ್ವರ್ಡ್, ಪ್ರಿನ್ಸ್‌ಟನ್ ಮೊದಲಾದ ಪೂರ್ವದ ಕಾಲೇಜುಗಳು ತಮ್ಮ ವಲಯವನ್ನು ಗೆದ್ದು ಪಂದ್ಯಾವಳಿಗೆ ಬಂದಿವೆ. ವಲಯಕ್ಕೆ ಸ್ಥಾನ ಮೀಸಲಿಡುವ ಬದಲು ಬಲಿಷ್ಠ ತಂಡಗಳನ್ನಷ್ಟೇ ಕರೆದರೆ ಆಟದ ಮಟ್ಟ ಏರೀತು, ನಿಜ. ಆದರೆ ಪೂರ್ವದ ಕೊಳಗಳಲ್ಲಿ ಈ ಆಟವನ್ನು ಕಲಿಯಲು ಯಾರು ಇಳಿದಾರು? ಈಗಿನ ಏರ್ಪಾಡೇ ಲೇಸೆಂದು ನನಗೆ ತೋರುತ್ತದೆ. ಪಂದ್ಯಾವಳಿಯೂ ಒಮ್ಮೊಮ್ಮೆ ಪೂರ್ವಕ್ಕೆ ಹೋಗಿದೆ. 2005ರಲ್ಲಿ ಪೆನ್ಸಿಲ್ವೇನಿಯದ ಲೂಯಿಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ, ಬಕ್‌ನೆಲ್ ವಿಶ್ವವಿದ್ಯಾನಿಲಯದ ಕೊಳದಲ್ಲಿ ಅಂತಿಮ ಪಂದ್ಯ ನಡೆಯಿತು. ಆಡಿದವರು ಮಾತ್ರ ದಕ್ಷಿಣ ಕ್ಯಾಲಿಫೋರ್ನಿಯ ಮತ್ತು ಸ್ಟ್ಯಾನ್‌ಫರ್ಡ್. ಗೆದ್ದುದು ಮೊದಲನೆಯದು, 3–2ರಿಂದ.