ಡಿಎಚ್‌ಸಿಪಿ ರಿಲೇ: ವಿಳಾಸದ ಕೋರಿಕೆ ಮುಟ್ಟಿಸುವ ದೂತ

ಕಚೇರಿಯ ಜಾಲವನ್ನು ವಿಲ್ಯಾನ್‌ಗಳಾಗಿ ವಿಂಗಡಿಸಿದ ಮೇಲೆ ಗಣಕಗಳಲ್ಲಿ 169.254ರಿಂದ ಆರಂಭವಾಗುವ ಐಪಿ ವಿಳಾಸ ಕಾಣಿಸಿತೆ? ಡಿಎಚ್‌ಸಿಪಿ ಸರ್ವರ್‌ನಿಂದ ಅವಕ್ಕೆ ವಿಳಾಸ ದೊರೆತಿಲ್ಲವೆಂದು ತಿಳಿಯಿರಿ. ಸರ್ವರ್ ಎಲ್ಲಿದೆಯೆಂದು ಅರಿಯದ ಗಣಕವು ಎಲ್ಲರಿಗೂ ಕೇಳುವಂತೆ ಕೂಗಿ ವಿಳಾಸ ಕೋರುತ್ತದೆ. ಬ್ರಾಡ್‌ಕಾಸ್ಟ್ ಎಂಬ ಈ ಕೂಗು ತನ್ನ ವಿಲ್ಯಾನ್‌ನ ಗಡಿ ದಾಟುವುದಿಲ್ಲ. ದಾಟಿಸುವ ಏರ್ಪಾಡೇ ರಿಲೇ.

ಸಿಸ್ಕೊ ಲೇಯರ್ 3 ಸ್ವಿಚ್‌ನಲ್ಲಾದರೆ, ಗಣಕಗಳಿರುವ ವಿಲ್ಯಾನ್‌ನ ಇಂಟರ್‌ಫೇಸ್‌ಗೆ ಮೊದಲು ಐಪಿ ವಿಳಾಸ ಕೊಡಿ. ಅಲ್ಲಿಯೇ ‘ಐಪಿ ಹೆಲ್ಪರ್-ಅಡ್ರೆಸ್’ ಆದೇಶದೊಡನೆ ಸರ್ವರ್‌ನ ವಿಳಾಸ ನಮೂದಿಸಿ. ಸರ್ವರ್ ಇರುವ ವಿಲ್ಯಾನ್‌ನಲ್ಲಿ ಇದನ್ನು ಬರೆದರೆ ಪ್ರಯೋಜನವಿಲ್ಲ.

ಸ್ವಿಚ್ ಆ ಇಂಟರ್‌ಫೇಸ್‌ನ ವಿಳಾಸವನ್ನು ಕೋರಿಕೆಯಲ್ಲಿ ಸೇರಿಸಿ ಸರ್ವರ್‌ಗೆ ನೇರವಾಗಿ ಕಳುಹಿಸುತ್ತದೆ. ಯಾವ ವಿಲ್ಯಾನ್‌ನ ವಿಳಾಸ ಕೊಡಬೇಕೆಂದು ಸರ್ವರ್ ಅದರಿಂದಲೇ ಅರಿಯುತ್ತದೆ. ಆದ್ದರಿಂದ ಪ್ರತಿ ವಿಲ್ಯಾನ್‌ಗೂ ಪ್ರತ್ಯೇಕ ವಿಳಾಸ ಶ್ರೇಣಿಯನ್ನೂ ಉತ್ತರ ಮರಳುವ ಮಾರ್ಗವನ್ನೂ ಸರ್ವರ್‌ನಲ್ಲಿ ಸಿದ್ಧಪಡಿಸಲು ಮರೆಯದಿರಿ.