ತಂಬುಳಿಯ ಸೊಪ್ಪಿಗೆ ಪ್ರತ್ಯೇಕ ಪಾತಿ



ತಂಬುಳಿಯ ಸೊಪ್ಪನ್ನು ಮಲೆನಾಡಿನ ಮನೆಗಳಲ್ಲಿ ಬಹುಮಟ್ಟಿಗೆ ಬೆಳೆಯುತ್ತಿರಲಿಲ್ಲ. ಅಡಿಕೆ ತೋಟದ ಬಸಿಗಾಲುವೆಯ ಅಂಚಿನಿಂದ ಕೊಯ್ದು ತರುತ್ತಿದ್ದರು. ಈ ರೂಢಿಯನ್ನು ಹಾಗೆಯೇ ಮುಂದುವರಿಸುವುದು ಈಗ ಕ್ಷೇಮವಲ್ಲ. ಆಳುಗಳ ಅಭಾವದಿಂದ ಅನೇಕ ತೋಟಗಳಿಗೆ ಕಳೆನಾಶಕ ಬಂದಿದೆ. ಅದಕ್ಕೆ ಕಳೆ ಯಾವುದು, ಒಂದೆಲಗ ಯಾವುದು ಎಂಬ ಭೇದವಿಲ್ಲ. ಕೊಳೆರೋಗಕ್ಕೆಂದು ಗೊನೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವೂ (100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ) ಕೆಳಗಿನ ಎಲೆಗಳ ಮೇಲೆ ತೊಟ್ಟಿಕ್ಕುತ್ತದೆ. ತಾಮ್ರ ಮೆತ್ತಿದ ಸೊಪ್ಪು ಊಟಕ್ಕಲ್ಲ.

ಆದ್ದರಿಂದ ಊರೂರಿನಲ್ಲಿ ನಡೆಸುವ ಸೊಪ್ಪಿನ ಶಿಬಿರಗಳಲ್ಲಿ ನಾವು ಮೊದಲು ಹೇಳುವ ಮಾತು ಒಂದೇ: ಸೊಪ್ಪಿನ ಪಾತಿ ಹಿತ್ತಿಲಿನಲ್ಲಿರಲಿ. ಸಿಂಪರಣೆಯ ಹನಿ ತಾಗಬಾರದು, ತೋಟದ ನೀರು ಹರಿದು ಬರಬಾರದು. ಔಷಧಿ ಕಲಸಿದ ಕೊಡದಲ್ಲಿ ಪಾತಿಗೆ ನೀರು ಹಾಕಲೇಬಾರದು.

ಆರಂಭಕ್ಕೆ ಮೂರು ಗಿಡ ಸಾಕು. ಒಂದೆಲಗದ ಬಳ್ಳಿ ಗೆಣ್ಣಿನಲ್ಲಿ ಬೇರೊಡೆಯುತ್ತದೆ. ಅಂಥ ತುಂಡನ್ನು ಅರೆನೆರಳಿನ ತೇವದ ಜಾಗದಲ್ಲಿ ನೆಡಿರಿ. ದೊಡ್ಡಪತ್ರೆಯ ಕಡ್ಡಿ ಸುಲಭವಾಗಿ ಹತ್ತುತ್ತದೆ, ಆದರೆ ನೀರು ನಿಂತರೆ ಕೊಳೆಯುತ್ತದೆ. ಮಳೆಗಾಲದಲ್ಲಿ ಕುಂಡದಲ್ಲಿಟ್ಟು ಸೂರಿನಡಿ ಇಡುವುದು ಲೇಸು. ಚಕ್ರಮುನಿಯ ಬಲಿತ ಕಡ್ಡಿಗಳನ್ನು ಬೇಲಿಯ ಸಾಲಿಗೆ ಊರಿ, ಕುಡಿ ಚಿವುಟುತ್ತಿದ್ದರೆ ಚಿಗುರು ಬರುತ್ತಲೇ ಇರುತ್ತದೆ.

ಅಡುಗೆಯ ಪ್ರಾತ್ಯಕ್ಷಿಕೆಯಲ್ಲಿ ದೊಡ್ಡಪತ್ರೆಯ ತಂಬುಳಿ ಮಾಡಿ ತೋರಿಸುತ್ತೇವೆ. ಎಲೆಯನ್ನು ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿ ಒಗ್ಗರಣೆ ಕೊಟ್ಟರಾಯಿತು. ಮತ್ತೆ ಕುದಿಸಬೇಕಿಲ್ಲ.

ಚಕ್ರಮುನಿಯ ಬಗ್ಗೆ ಒಂದು ಎಚ್ಚರಿಕೆ. ತೈವಾನಿನಲ್ಲಿ 1990ರ ದಶಕದ ಮಧ್ಯದಲ್ಲಿ, ಮೈ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶಕ್ಕೆ ವಾಸಿಯಾಗದ ಹಾನಿಯಾಯಿತು. ಈ ಸೊಪ್ಪನ್ನು ಹಿರಿಯರು ಮಾಡುತ್ತಿದ್ದಂತೆ ಪಲ್ಯಕ್ಕೋ ಸಾರಿಗೋ ಬೇಯಿಸಿ ಮಿತವಾಗಿ ಬಳಸಿರಿ. ಹಸಿ ರಸ ಬೇಡ.

ಯಾವ ಎಲೆ ಯಾವುದೆಂದು ಖಚಿತವಾಗಿ ಗುರುತಿಸಬಲ್ಲವರು ಮನೆಯ ಹಿರಿಯ ಹೆಂಗಸರು. ಆ ತಿಳಿವಳಿಕೆ ಅವರೊಂದಿಗೇ ಮುಗಿಯಬಾರದು. ಶಿಬಿರಕ್ಕೆ ಅವರನ್ನು ಕರೆತನ್ನಿ, ಜೊತೆಗೆ ಕಿರಿಯರನ್ನೂ ಕರೆತನ್ನಿ. ಬರುವಾಗ ನಿಮ್ಮ ಹಿತ್ತಿಲಿನ ನಾಲ್ಕು ಕಡ್ಡಿ ತಂದು, ಇನ್ನೊಬ್ಬರ ನಾಲ್ಕು ಕಡ್ಡಿ ಒಯ್ಯಿರಿ. ತಮ್ಮ ಊರಿನಲ್ಲಿ ಶಿಬಿರ ಬೇಕೆನ್ನುವವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ಕೋರುತ್ತೇವೆ.

ಕಾರ್ಯದರ್ಶಿ