‘ಹೌ ಡಸ್ ಇಟ್ ಲುಕ್ ಲೈಕ್’ ಅಂದರೆ ತಪ್ಪೇನು? ಉತ್ತರ ಇರೋದು ಕನ್ನಡದೊಳಗೇ

ಎಂಜಿನಿಯರಿಂಗ್ ಕೊನೇ ವರ್ಷದ ಪ್ಲೇಸ್‌ಮೆಂಟ್ ಸೀಸನ್. ಒಂದು ಕಂಪನಿಯ ಗ್ರೂಪ್ ಡಿಸ್ಕಷನ್. ವಿಷಯ, ಇಪ್ಪತ್ತು ವರ್ಷದ ನಂತರದ ಭಾರತದ ನಗರಗಳು. ಹಾವೇರಿ ಕಡೆಯ ನನ್ನ ರೂಮ್‌ಮೇಟ್, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂನಲ್ಲಿ ಓದಿದವನು, ಎಲ್ಲರಿಗಿಂತ ಮೊದಲು ಬಾಯಿ ತೆರೆದ. ‘ನೋಬಡಿ ನೋಸ್ ಹೌ ಅವರ್ ಸಿಟೀಸ್ ವಿಲ್ ಲುಕ್ ಲೈಕ್’ ಅಂದ. ಪ್ಯಾನೆಲ್‌ನಲ್ಲಿ ಕೂತಿದ್ದವರೊಬ್ಬರು ‘ಹೌ... ಲುಕ್ ಲೈಕ್?’ ಅಂತ ನಿಧಾನಕ್ಕೆ ಎಳೆದು ಹೇಳಿ ಮುಗುಳ್ನಕ್ಕರು. ಪಕ್ಕದಲ್ಲಿದ್ದ ಇಬ್ಬರು ಜೋರಾಗೇ ನಕ್ಕರು. ಅವನು ಆಮೇಲೆ ಮಾತಾಡಲಿಲ್ಲ. ನೀರು, ಡ್ರೈನೇಜ್, ಬಸ್ಸು ಅಂತ ಹಿಂದಿನ ರಾತ್ರಿ ಪಟ್ಟಿ ಮಾಡಿಕೊಂಡಿದ್ದೆಲ್ಲ ಜೇಬಲ್ಲೇ ಉಳೀತು.

ರೂಮಿಗೆ ಬಂದವನು ಕೇಳಿದ್ದು ಒಂದೇ ಪ್ರಶ್ನೆ: ‘ತಪ್ಪ್ ಏನಾತಲೇ ಅದ್ರಾಗ?’ ‘ಹೌ ಅಲ್ಲ, ವಾಟ್ ಅನ್ನಬೇಕಿತ್ತು’ ಅಂದೆ. ‘ಯಾಕ?’ ಅಂದ. ನನಗೆ ಗೊತ್ತಿರಲಿಲ್ಲ. ಕೇಳೋಕೆ ಸರಿ ಅನಿಸಲ್ಲ ಅಷ್ಟೇ, ಅಂದುಬಿಟ್ಟೆ. ಅಲ್ಲಿ ನಕ್ಕವರನ್ನು ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತು ಅನ್ನೋದು ನನ್ನ ಅನುಮಾನ.

ಆ ‘ಯಾಕ’ಕ್ಕೆ ಉತ್ತರ ಇದೆ. ಅದನ್ನು ಕನ್ನಡದಲ್ಲಿ ಹೇಳೋದೇ ಸುಲಭ.

ಕನ್ನಡದಲ್ಲಿ ಮೂರು ಮೂರು ಪದಗಳ ಗುಂಪುಗಳಿವೆ. ಅಲ್ಲಿ, ಇಲ್ಲಿ, ಎಲ್ಲಿ. ಅಷ್ಟು, ಇಷ್ಟು, ಎಷ್ಟು. ಹಾಗೆಯೇ ಹಾಗೆ, ಹೀಗೆ, ಹೇಗೆ. ಈಗ ‘ಹುಲಿಯ ಹಾಗೆ ಕಾಣುತ್ತೆ’ ಅನ್ನೋ ವಾಕ್ಯ ನೋಡಿ. ಇಂಗ್ಲಿಷ್‌ನ ‘ಲೈಕ್’ ಮಾಡೋ ಕೆಲಸವನ್ನು ಇಲ್ಲಿ ‘ಹಾಗೆ’ ಮಾಡುತ್ತಿದೆ. ಅದರ ಪ್ರಶ್ನಾರೂಪವೇ ‘ಹೇಗೆ’. ಅಂದರೆ ನಮ್ಮ ‘ಹೇಗೆ’ಯ ಹೊಟ್ಟೆಯೊಳಗೆ ‘ಲೈಕ್’ ಆಗಲೇ ಕೂತಿದೆ. ‘ಹೇಗೆ ಕಾಣುತ್ತೆ?’ ಅಂದಾಗ ಕನ್ನಡಿಗ ‘ಚೆನ್ನಾಗಿ ಕಾಣುತ್ತೆ’ ಅಂತಲೂ ಹೇಳಬಹುದು, ‘ಹುಲಿ ಥರ ಕಾಣುತ್ತೆ’ ಅಂತಲೂ ಹೇಳಬಹುದು. ಎರಡಕ್ಕೂ ಒಂದೇ ಪ್ರಶ್ನೆ ಸಾಕು.

ಇಂಗ್ಲಿಷ್ ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದೆ. ‘ಇಟ್ ಲುಕ್ಸ್ ಗುಡ್’ ಅನ್ನೋದರಲ್ಲಿ ‘ಗುಡ್’ ತೆಗೆದು ಅಲ್ಲಿ ಪ್ರಶ್ನೆ ಹಾಕಿದರೆ ‘ಹೌ’ ಬರುತ್ತೆ: ಹೌ ಡಸ್ ಇಟ್ ಲುಕ್? ‘ಇಟ್ ಲುಕ್ಸ್ ಲೈಕ್ ಎ ಟೈಗರ್’ ಅನ್ನೋದರಲ್ಲಿ ‘ಟೈಗರ್’ ತೆಗೆದರೆ ಉಳಿಯೋ ಖಾಲಿ ಜಾಗ ಒಂದು ವಸ್ತುವಿನದ್ದು. ವಸ್ತುವನ್ನು ಕೇಳೋ ಪದ ‘ವಾಟ್’: ವಾಟ್ ಡಸ್ ಇಟ್ ಲುಕ್ ಲೈಕ್? ಕೋಡಿಂಗ್ ಮಾಡಿದವರಿಗೆ ಇನ್ನೂ ಬೇಗ ಹೊಳೆಯುತ್ತೆ. ‘ಲೈಕ್’ ಅನ್ನೋದು ಒಂದು ಆರ್ಗ್ಯುಮೆಂಟ್ ಕೇಳೋ ಫಂಕ್ಷನ್, ಅದಕ್ಕೆ ನಾಮಪದವನ್ನೇ ಕೊಡಬೇಕು. ‘ಹೌ’ ಕೊಟ್ಟರೆ ಟೈಪ್ ಎರರ್. ಕನ್ನಡದಲ್ಲಿ ‘ವಾಟ್... ಲೈಕ್’ಗೆ ನಿಜವಾದ ಜೋಡಿ ‘ಯಾವುದರ ಹಾಗೆ?’ ಅನ್ನೋದು. ನಾವು ಹಾಗೆ ಕೇಳಲ್ಲ, ಕೇಳೋ ಅಗತ್ಯವೂ ಇಲ್ಲ. ಅದಕ್ಕೇ ‘ಹೇಗೆ’ಯನ್ನು ಪೂರ್ತಿ ಅನುವಾದಿಸೋಕೆ ಹೋಗಿ ‘ಹೌ’ ಮತ್ತು ‘ಲೈಕ್’ ಎರಡನ್ನೂ ಹಾಕಿಬಿಡುತ್ತೇವೆ.

ಜರ್ಮನ್ನರೂ ಇದೇ ತಪ್ಪು ಮಾಡುತ್ತಾರೆ, ಹೆಚ್ಚುಕಮ್ಮಿ ಇದೇ ಕಾರಣಕ್ಕೆ. ಅವರ ಭಾಷೆಯಲ್ಲೂ ರೂಪ ವಿಚಾರಿಸೋ ಪ್ರಶ್ನೆ ಶುರುವಾಗೋದು ‘ಹೇಗೆ’ ಅನ್ನೋ ಅರ್ಥದ ‘ವೀ’ಯಿಂದ. ಆ ‘ವೀ’ ಹೋಲಿಕೆಯ ‘ಹಾಗೆ’ಯೂ ಹೌದು. ಜರ್ಮನ್ ಎಂಜಿನಿಯರ್ ಮೀಟಿಂಗ್‌ನಲ್ಲಿ ‘ಹೌ ಡಸ್ ಇಟ್ ಲುಕ್ ಲೈಕ್’ ಅಂದರೆ ಅದು ಆಕ್ಸೆಂಟ್, ನಮ್ಮವನು ಅಂದರೆ ಬ್ಯಾಕ್‌ಗ್ರೌಂಡ್.

ಇದು ಬರೀ ವ್ಯಾಕರಣದ ಮಡಿ ಅಲ್ಲ, ಅರ್ಥವೂ ಬದಲಾಗುತ್ತೆ. ಮನೆಯಲ್ಲಿ ಯಾರೋ ಕಾಣೆಯಾಗಿದ್ದಾರೆ ಅಂದುಕೊಳ್ಳಿ. ಠಾಣೆಯಲ್ಲಿ ಕೇಳೋದು ಚಹರೆ. ಕೋಲು ಮುಖ, ಎಣ್ಣೆಗೆಂಪು ಬಣ್ಣ, ಸಾಧಾರಣ ಮೈಕಟ್ಟು, ನೀಲಿ ಅಂಗಿ. ಇಂಗ್ಲಿಷ್‌ನಲ್ಲಿ ಇದಕ್ಕೆ ಪ್ರಶ್ನೆ ‘ವಾಟ್ ಡಸ್ ಹಿ ಲುಕ್ ಲೈಕ್?’ ‘ಹೌ ಡಸ್ ಹಿ ಲುಕ್?’ ಅಂದರೆ ಸಾಮಾನ್ಯವಾಗಿ ಅದು ಈಗಿನ ಸ್ಥಿತಿ ಅಥವಾ ನಿಮ್ಮ ಅಭಿಪ್ರಾಯ ಕೇಳೋ ಪ್ರಶ್ನೆ. ಸುಸ್ತಾಗಿದ್ದಾನೆ, ಚೆನ್ನಾಗಿದ್ದಾನೆ, ಸೂಟ್‌ನಲ್ಲಿ ಮಿಂಚ್ತಿದ್ದಾನೆ, ಇಂಥ ಉತ್ತರ ಬರುತ್ತೆ. ಟ್ರಯಲ್ ರೂಮಿನಿಂದ ಹೊಸ ಬಟ್ಟೆ ಹಾಕಿಕೊಂಡು ಬಂದವರು ‘ಹೌ ಡು ಐ ಲುಕ್?’ ಅಂತಾರೆ. ‘ವಾಟ್ ಡು ಐ ಲುಕ್ ಲೈಕ್?’ ಅಂತ ಹುಬ್ಬು ಗಂಟಿಕ್ಕಿ ಕೇಳಿದರೆ ಅದು ‘ನನ್ನನ್ನೇನು ಅಂದ್ಕೊಂಡಿದ್ದೀಯ?’ ಅಂತ ಜಗಳಕ್ಕೆ ಬಂದ ಹಾಗೆ.

‘ಲುಕ್’ ಇಲ್ಲದೆಯೂ ಇದೇ ಕಥೆ. ನಿಮ್ಮ ಹೊಸ ಮ್ಯಾನೇಜರ್ ಹೇಗೆ ಅಂತ ಕನ್ನಡದಲ್ಲಿ ಕೇಳಿದರೆ ಸ್ವಭಾವದ ಪ್ರಶ್ನೆ ಅಂತ ಎಲ್ಲರಿಗೂ ಅರ್ಥವಾಗುತ್ತೆ. ‘ಹೌ ಈಸ್ ಶಿ?’ ಅಂದರೆ ಆರೋಗ್ಯದ ವಿಚಾರಣೆ ಆಗಿಬಿಡಬಹುದು. ಸ್ವಭಾವಕ್ಕೆ ‘ವಾಟ್ ಈಸ್ ಶಿ ಲೈಕ್?’ ಇನ್ನು ‘ವಾಟ್ ಡಸ್ ಶಿ ಲೈಕ್?’ ಅಂದರೆ ಅವರಿಗೇನು ಇಷ್ಟ ಅಂತ. ಇಲ್ಲಿ ‘ಲೈಕ್’ ಬೇರೆಯದೇ ಪದ, ಕ್ರಿಯಾಪದ. ಒಂದು ‘ಈಸ್’ ಜಾಗಕ್ಕೆ ‘ಡಸ್’ ಬಂದರೆ ಮ್ಯಾನೇಜರ್ ಬಗ್ಗೆ ಕೇಳಿದ ಪ್ರಶ್ನೆಗೆ ಫಿಲ್ಟರ್ ಕಾಫಿ ಅಂತ ಉತ್ತರ ಬರುತ್ತೆ! ಹಲಸಿನ ಹಣ್ಣು ತಿಂದೇ ಇಲ್ಲದ ವಿದೇಶಿ ಗೆಳೆಯ ‘ವಾಟ್ ಡಸ್ ಇಟ್ ಟೇಸ್ಟ್ ಲೈಕ್?’ ಅಂದರೆ ಬಾಳೆಹಣ್ಣು, ಅನಾನಸ್ ಅಂತೆಲ್ಲ ಹೋಲಿಕೆ ಹುಡುಕಬೇಕು. ‘ಹೌ ಡಸ್ ಇಟ್ ಟೇಸ್ಟ್?’ ಅಂದರೆ ಸಖತ್ ಅಂದರೆ ಸಾಕು. ಸೌಂಡ್, ಸ್ಮೆಲ್, ಫೀಲ್ ಎಲ್ಲಕ್ಕೂ ಇದೇ ಲೆಕ್ಕ.

ನೇರ ಪ್ರಶ್ನೆಯಲ್ಲಿ ಸರಿಯಾಗಿ ಹೇಳುವವರೂ ಎಡವೋದು ಪ್ರಶ್ನೆ ವಾಕ್ಯದೊಳಗೆ ಅಡಗಿದಾಗ. ‘ಲೆಟ್ ಮಿ ಶೋ ಯು ಹೌ ಇಟ್ ಲುಕ್ಸ್ ಲೈಕ್’ ಅನ್ನೋದು ಆಫೀಸ್ ಪ್ರೆಸೆಂಟೇಷನ್‌ಗಳ ಮಾಮೂಲಿ ಸಾಲು. ‘ಹೌ ಇಟ್ ಲುಕ್ಸ್’ ಅನ್ನಿ, ಇಲ್ಲಾ ‘ವಾಟ್ ಇಟ್ ಲುಕ್ಸ್ ಲೈಕ್’ ಅನ್ನಿ. ಕೊನೆಯಲ್ಲಿ ‘ಲೈಕ್’ ಇದ್ದರೆ ಮುಂದೆ ‘ವಾಟ್’ ಇರಲಿ, ಅಷ್ಟೇ.

ಇದರ ಅಣ್ಣತಮ್ಮ ಇನ್ನೊಂದಿದೆ: ‘ಶಿ ಲುಕ್ಸ್ ಬ್ಯೂಟಿಫುಲಿ’. ಇದೂ ಕನ್ನಡದಿಂದಲೇ ಬಂದದ್ದು. ನಾವು ‘ಸುಂದರವಾಗಿ ಕಾಣುತ್ತಾಳೆ’ ಅಂತೀವಿ, ಆ ‘ಆಗಿ’ ನೋಡಿದ ಕೂಡಲೇ ಕೈ ‘ಎಲ್‌ವೈ’ ಸೇರಿಸುತ್ತೆ. ಆದರೆ ಈ ಅರ್ಥದಲ್ಲಿ ‘ಲುಕ್’ ಇಂಗ್ಲಿಷ್‌ನಲ್ಲಿ ‘ಈಸ್’ನ ಸೋದರ. ‘ಶಿ ಈಸ್ ಬ್ಯೂಟಿಫುಲಿ’ ಅನ್ನಲ್ಲವಲ್ಲ, ಹಾಗೇ ‘ಲುಕ್ಸ್ ಬ್ಯೂಟಿಫುಲ್’ ಸಾಕು. ‘ಲುಕ್ಸ್ ಲೈಕ್ ಗುಡ್’ ಕೂಡ ಬೇಡ, ಗುಡ್ ಅನ್ನೋದು ವಸ್ತು ಅಲ್ಲ.

ಇಷ್ಟು ವಿವರಣೆಗೆ ಬೋರ್ಡು, ಚಾಕ್‌ಪೀಸು, ಹದಿನೈದು ನಿಮಿಷ ಸಾಕು. ಒಂದೇ ಷರತ್ತು, ಇಂಗ್ಲಿಷ್ ಕ್ಲಾಸಲ್ಲಿ ಮೇಷ್ಟ್ರು ಕನ್ನಡದ ‘ಹಾಗೆ-ಹೇಗೆ’ಯನ್ನು ಬಾಯಿಬಿಟ್ಟು ಹೇಳಬೇಕು. ಆದರೆ ಕನ್ನಡ ಮಾತಾಡಿದರೆ ದಂಡ ಹಾಕೋ ಖಾಸಗಿ ಶಾಲೆಗಳಲ್ಲಿ ಅದು ಸಾಧ್ಯವಾ? ನಮ್ಮ ರಾಜಕೀಯ ಚರ್ಚೆ ಮಾತ್ರ ಮಾಧ್ಯಮ ಯಾವುದು ಅನ್ನೋದರಲ್ಲೇ ದಶಕಗಳಿಂದ ಸುತ್ತುತ್ತಿದೆ. 1994ರ ಸರ್ಕಾರಿ ಆದೇಶ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಕಡ್ಡಾಯ ಮಾಡಿತು. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಹಾಗೆ ಹೇರೋಕೆ ಸರ್ಕಾರಕ್ಕೆ ಅಧಿಕಾರ ಇಲ್ಲ ಅಂದಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯೋಕೆ ಹೊರಟಾಗ ಸಾಹಿತಿಗಳು ವಿರೋಧಿಸಿದರು, ಅನೇಕ ದಲಿತ ಚಿಂತಕರು ಅದೇ ನಮಗೆ ಬೇಕಾದ್ದು ಅಂದರು. ಈ ಎರಡನೇ ವಾದ ನನಗೆ ಅರ್ಥವಾಗುತ್ತೆ, ಆ ಗ್ರೂಪ್ ಡಿಸ್ಕಷನ್ ನೋಡಿದವನಿಗೆ ಅರ್ಥವಾಗದೇ ಇರೋಕೆ ಸಾಧ್ಯವಿಲ್ಲ. ಆದರೆ ಮಗುವಿನ ತಲೆಯಲ್ಲಿ ಈಗಾಗಲೇ ಇರೋ ಭಾಷೆಯನ್ನು ಇಟ್ಟುಕೊಂಡು ಇನ್ನೊಂದನ್ನು ಕಲಿಸೋದು ಹೇಗೆ ಅನ್ನೋ ಪ್ರಶ್ನೆಗೆ ಎರಡೂ ಕಡೆಯವರು ಕೊಟ್ಟ ಗಮನ ಕಡಿಮೆ. ಮಾಧ್ಯಮ ಯಾವುದೇ ಇರಲಿ, ‘ಹೌ ಲುಕ್ ಲೈಕ್’ ಹುಟ್ಟುವ ಜಾಗ ಅದೇ.

ಅಂದಹಾಗೆ, ‘ನೀವು ಮನೇಲಿ ಎಷ್ಟನೇ ಮಗ?’ ಅನ್ನೋದನ್ನು ಒಂದೇ ಪದದಲ್ಲಿ ಕೇಳೋಕೆ ಇಂಗ್ಲಿಷ್‌ಗೆ ಬರಲ್ಲ. ಅದಕ್ಕಾಗಿ ಯಾವ ಇಂಗ್ಲಿಷರೂ ಇಂಟರ್‌ವ್ಯೂನಲ್ಲಿ ತಲೆ ತಗ್ಗಿಸಿದ್ದನ್ನು ನಾನು ಕೇಳಿಲ್ಲ.

ಈ ಲೇಖನದ ಡ್ರಾಫ್ಟನ್ನು ಆ ರೂಮ್‌ಮೇಟ್‌ಗೆ ಕಳಿಸಿದೆ. ಈಗ ಅವನದೇ ಟೀಮ್ ಇದೆ, ಇಂಟರ್‌ವ್ಯೂ ಮಾಡೋದೂ ಅವನೇ. ವಾಟ್ಸಾಪ್‌ನಲ್ಲಿ ಉತ್ತರ ಬಂತು: ‘ಇಷ್ಟ ಇತ್ತೇನಲೇ? ಅವತ್ತ ಹೇಳಬಾರದಿತ್ತ?’